ಅಂಗಿ ಒಂದು, ಕಾಲರ್ ಹತ್ತು

ಪ್ರಶ್ನೆ: ನಾನು ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದೇನೆ. ನಮ್ಮ ಮುತ್ತಜ್ಜನೂ ವಕೀಲರೇ. ಈಚೆಗೆ ಹಳೆಯ ಟ್ರಂಕು ತೆಗೆದಾಗ ದುಂಡನೆಯ ಚರ್ಮದ ಡಬ್ಬಿಯೊಂದು ಸಿಕ್ಕಿತು. ಒಳಗೆ ರಟ್ಟಿನಂತೆ ಸೆಟೆದುಕೊಂಡ ಬಿಳಿ ಕಾಲರ್‌ಗಳಿವೆ. ಕೆಲವು ಹಳದಿಗಟ್ಟಿವೆ, ಎರಡು ಮಾತ್ರ ಪ್ಲಾಸ್ಟಿಕ್‌ನಂತೆ ಹೊಳೆಯುತ್ತವೆ. ಜೊತೆಗೆ ದಾರ ಪೋಣಿಸಲು ತೂತೇ ಇಲ್ಲದ ಹಿತ್ತಾಳೆ ಗುಂಡಿಗಳು. ಕಾಲರನ್ನು ಅಂಗಿಯಿಂದ ಬೇರೆ ಇಡುತ್ತಿದ್ದದ್ದು ಯಾಕೆ? ಬರೀ ಶೋಕಿಗೋ? ಇವನ್ನು ತೊಳೆದು ನಾನು ಕೋರ್ಟಿಗೆ ಹಾಕಿಕೊಂಡು ಹೋಗಬಹುದೇ?

ಉತ್ತರ: ಮೊದಲಿಗೇ ಒಂದು ಎಚ್ಚರಿಕೆ. ಆ ಹೊಳೆಯುವ ಎರಡು ಕಾಲರ್‌ಗಳನ್ನು ಇಸ್ತ್ರಿ ಪೆಟ್ಟಿಗೆಯ ಹತ್ತಿರ ಒಯ್ಯಬೇಡಿ, ದೀಪದ ಬಳಿಯೂ ಇಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಶೋಕಿ ಆಮೇಲೆ ಬಂದು ಸೇರಿಕೊಂಡದ್ದು. ಮೂಲದಲ್ಲಿ ಇದ್ದದ್ದು ಬಟ್ಟೆ ಒಗೆಯುವ ಕಷ್ಟ. ಅಂಗಿಯಲ್ಲಿ ಬೇಗ ಕೊಳೆಯಾಗುವ ಜಾಗ ಎರಡೇ: ಕೊರಳು ಮತ್ತು ಮುಂಗೈ. ಕುತ್ತಿಗೆಯ ಬೆವರು, ಎಣ್ಣೆ, ಬೀದಿಯ ಧೂಳು ಎಲ್ಲ ಸೇರಿ ಒಂದೇ ದಿನದಲ್ಲಿ ಕಾಲರ್ ಮೇಲೆ ಕಪ್ಪು ಗೆರೆ ಎಳೆಯುತ್ತವೆ. ಉಳಿದ ಅಂಗಿ ಇನ್ನೂ ಎರಡು ದಿನ ನಡೆಯುತ್ತದೆ. ಯುರೋಪು, ಅಮೆರಿಕಗಳಲ್ಲಿ ಆಗ ಅಂಗಿಯೆಂದರೆ ಒಳಉಡುಪಿಗೆ ಸಮ. ಮೇಲೆ ವೇಸ್ಟ್‌ಕೋಟು, ಅದರ ಮೇಲೆ ಕೋಟು. ಹೊರಗೆ ಕಾಣುತ್ತಿದ್ದದ್ದು ಕಾಲರ್, ಎದೆಯ ಒಂದು ಗೇಣು, ಮುಂಗೈಯ ಎರಡು ಬೆರಳು ಅಗಲ. ಆ ಇಷ್ಟು ಬೆಳ್ಳಗಿದ್ದರೆ ಮನುಷ್ಯ ಮರ್ಯಾದಸ್ಥ. ಒಳಗಿನದ್ದು ದೇವರಿಗೇ ಗೊತ್ತು. ಹಾಗಾಗಿ ಕೊಳೆಯಾಗುವ ಭಾಗವನ್ನಷ್ಟೇ ಬಿಚ್ಚಿ ಒಗೆದರಾಯಿತು ಎಂಬ ಲೆಕ್ಕ. ಕಾಲರ್ ಬಿಚ್ಚುವಂತಾಯಿತು, ಕಫ್ ಬಿಚ್ಚುವಂತಾಯಿತು, ಕೊನೆಗೆ ಎದೆಯ ಭಾಗವೂ ಡಿಕ್ಕಿ ಎಂಬ ಹೆಸರಿನ ಬೇರೆ ತುಂಡಾಯಿತು. ಕೋಟು ಬಿಚ್ಚದಿದ್ದರೆ ಒಳಗೆ ಅಂಗಿಯೇ ಇಲ್ಲದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಈ ಉಪಾಯ ಹತ್ತೊಂಬತ್ತನೆಯ ಶತಮಾನದ್ದು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಅದು ಅರ್ಧ ಸತ್ಯ. ಹದಿನಾರನೆಯ ಶತಮಾನದ ಯುರೋಪಿನ ಚಿತ್ರಗಳಲ್ಲಿ ರಾಜರಾಣಿಯರ ಕೊರಳಲ್ಲಿ ಚಕ್ರದಂತೆ ನಿಂತ ನೆರಿಗೆಯ ರಫ್ ನೋಡಿರುತ್ತೀರಿ. ಅದೂ ಅಂಗಿಗೆ ಪಿನ್ನು, ದಾರಗಳಿಂದ ಸಿಕ್ಕಿಸುವ ಬೇರೆ ತುಂಡೇ. ಗಂಜಿ ಇಲ್ಲದೆ ಅದು ನಿಲ್ಲುವುದಿಲ್ಲ. 1564ರಲ್ಲಿ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಬಂದ ಡಿಂಗೆನ್ ವಾನ್ ಡರ್ ಪ್ಲಾಸೆ ಎಂಬಾಕೆ ಗಂಜಿ ಹಾಕುವ ವಿದ್ಯೆ ಕಲಿಸಲು ನಾಲ್ಕೈದು ಪೌಂಡ್ ಶುಲ್ಕ ತೆಗೆದುಕೊಳ್ಳುತ್ತಿದ್ದಳು. ಗಂಜಿ ಕಾಯಿಸುವುದು ಹೇಗೆ ಎಂದು ಹೇಳಿಕೊಡಲು ಮತ್ತೆ ಇಪ್ಪತ್ತು ಷಿಲ್ಲಿಂಗ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮುಂದೆ ರಫ್ ಸೊರಗಿ ಭುಜದ ಮೇಲೆ ಬೀಳುವ ಅಗಲ ಪಟ್ಟಿಯಾಯಿತು. ಆ ಪಟ್ಟಿಯೂ ಕಿರಿದಾಗುತ್ತ ಹೋಗಿ, ಗಂಟಲ ಕೆಳಗೆ ಇಳಿಬಿಟ್ಟ ಎರಡು ಬಿಳಿ ನಾಲಗೆಗಳಷ್ಟೇ ಉಳಿದವು. ಉಳಿದದ್ದು ಯಾರ ಕೊರಳಲ್ಲಿ? ಪಾದ್ರಿಗಳು, ವಿಶ್ವವಿದ್ಯಾಲಯದ ಪಂಡಿತರು ಮತ್ತು ವಕೀಲರ ಕೊರಳಲ್ಲಿ. ನೀವು ದಿನಾ ಕಟ್ಟಿಕೊಳ್ಳುವ ಬ್ಯಾಂಡ್ ಅದೇ. ಮುತ್ತಜ್ಜನ ಡಬ್ಬಿಯನ್ನು ನೋಡಿ ನೀವು ಬೆರಗಾದಿರಿ, ಆದರೆ ಬಿಚ್ಚಿಡುವ ಕಾಲರನ್ನು ಇವತ್ತೂ ಬ್ಯಾಗಿನಲ್ಲಿ ಹೊತ್ತು ತಿರುಗುವವರು ನೀವೇ.

ಇದು ದೊಡ್ಡ ಉದ್ಯಮವಾಗಿ ಬೆಳೆದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಹಡ್ಸನ್ ನದಿಯ ದಂಡೆಯ ಆ ಊರಿನಲ್ಲಿ 1827ರ ಸುಮಾರಿಗೆ ಹ್ಯಾನಾ ಲಾರ್ಡ್ ಮಾಂಟೆಗ್ಯೂ ಎಂಬ ಗೃಹಿಣಿ, ಗಂಡ ಆರ್ಲಾಂಡೊನ ಅಂಗಿಗಳನ್ನು ಒಗೆದೊಗೆದು ಬೇಸತ್ತು ಕಾಲರ್‌ಗಳನ್ನು ಕತ್ತರಿಸಿ, ಅವನ್ನಷ್ಟೇ ಒಗೆದು, ಇಸ್ತ್ರಿ ಮಾಡಿ ಮತ್ತೆ ಹೊಲಿದಳು ಎಂಬುದು ಊರಿನ ಕಥೆ. ಊರಿನ ಕಥೆಗಳಿಗೆ ಸ್ವಲ್ಪ ಒಗ್ಗರಣೆ ಬಿದ್ದಿರುತ್ತದೆ. ಆದರೆ ಕತ್ತರಿ ಹಿಡಿದದ್ದು ಗಂಡಸಲ್ಲ ಎಂಬುದನ್ನು ನಂಬಲು ನನಗೆ ಕಷ್ಟವಿಲ್ಲ. ಗಂಡಸರಿಗೆ ಆ ಕೆಲಸದ ಭಾರ ಗೊತ್ತೇ ಇರಲಿಲ್ಲ. ಅಲ್ಲಿಯೇ ಅಂಗಡಿ ಇಟ್ಟಿದ್ದ ನಿವೃತ್ತ ಪಾದ್ರಿ ಎಬೆನೆಜರ್ ಬ್ರೌನ್ ಇದನ್ನು ಮಾರಾಟದ ಸರಕು ಮಾಡಿದ. ಊರ ಹೆಂಗಸರಿಂದ ಮನೆಯಲ್ಲೇ ಹೊಲಿಸಿ, ಕೂಲಿಯನ್ನು ಹಣದಲ್ಲಿ ಕೊಡದೆ ತನ್ನ ಅಂಗಡಿಯ ಸಾಮಾನಿನಲ್ಲಿ ತೀರಿಸುತ್ತಿದ್ದ. ಪಾದ್ರಿಯಾದರೂ ವ್ಯಾಪಾರಿ! ಆಗಿನ ಕಾಲರ್‌ಗಳಿಗೆ ಗುಂಡಿ ಇರಲಿಲ್ಲ, ಕೊರಳ ಸುತ್ತ ದಾರ ಕಟ್ಟಬೇಕಿತ್ತು. 1834ರಲ್ಲಿ ಆರ್ಲಾಂಡೊ ಮಾಂಟೆಗ್ಯೂ ಮತ್ತು ಆಸ್ಟಿನ್ ಗ್ರೇಂಜರ್ ಕಾಲರ್ ತಯಾರಿಕೆಯ ಮೊದಲ ಕಾರ್ಖಾನೆ ತೆರೆದರು. ಹೆಂಡತಿಯ ಉಪಾಯ, ಗಂಡನ ಕಂಪನಿ.

1850ರ ದಶಕದಲ್ಲಿ ಹೊಲಿಗೆ ಯಂತ್ರ ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು ಹದಿನಾಲ್ಕು ಗಂಟೆ ಬೇಕಿದ್ದದ್ದು ಯಂತ್ರದಲ್ಲಿ ಒಂದೂಕಾಲು ಗಂಟೆಗೆ ಇಳಿಯಿತು ಎಂದು ಆಗಿನ ಯಂತ್ರ ತಯಾರಕರೇ ಲೆಕ್ಕ ಕೊಟ್ಟಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಹತ್ತು ಕಾಲರ್‌ಗಳಲ್ಲಿ ಒಂಬತ್ತು ಟ್ರಾಯ್‌ನವು. ಊರಿಗೆ ಕಾಲರ್ ಸಿಟಿ ಎಂಬ ಅಡ್ಡಹೆಸರು ಈಗಲೂ ಇದೆ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಕಾಲರ್ ಚರಿತ್ರೆ ಬರೆಯುವವರು ಹ್ಯಾನಾಳ ಕತ್ತರಿಯಿಂದ ನೇರವಾಗಿ ಜಾಹೀರಾತುಗಳ ಕಾಲಕ್ಕೆ ಹಾರಿಬಿಡುತ್ತಾರೆ. ನಡುವೆ ನಡೆದದ್ದು ಕೇಳಿ. ಹೊಸ ಕಾಲರ್ ಅಂಗಡಿಗೆ ಹೋಗುವ ಮುಂಚೆ ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಬೇಕು. ಹಾಗಾಗಿ ಟ್ರಾಯ್‌ನಲ್ಲಿ ಹೊಲಿಗೆ ಕಾರ್ಖಾನೆಗಳ ಬೆನ್ನಿಗೇ ದೊಡ್ಡ ಲಾಂಡ್ರಿಗಳು ಎದ್ದವು. ಅಲ್ಲಿ ದುಡಿದವರಲ್ಲಿ ಬಹಳ ಮಂದಿ ಐರ್ಲೆಂಡಿನಿಂದ ಬಂದ ಬಡ ಹೆಣ್ಣುಮಕ್ಕಳು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಕುದಿನೀರು, ಬ್ಲೀಚು, ಕಾದ ಇಸ್ತ್ರಿಗಳ ನಡುವೆ ನಿಲ್ಲಬೇಕು. ಗಂಜಿ ಹಾಕುವ ಯಂತ್ರ ಬಂದಾಗ ಕೆಲಸ ಹಗುರವಾಗಲಿಲ್ಲ, ಕೈ ಸುಟ್ಟುಕೊಳ್ಳುವುದು ಹೆಚ್ಚಾಯಿತು. 1864ರ ಫೆಬ್ರವರಿಯಲ್ಲಿ ಇನ್ನೂ ಇಪ್ಪತ್ತು ದಾಟದ ಕೇಟ್ ಮುಲಾನಿ ಎಂಬ ಹುಡುಗಿ ಸುಮಾರು 300 ಹೆಂಗಸರನ್ನು ಸೇರಿಸಿ ಕಾಲರ್ ಲಾಂಡ್ರಿ ಯೂನಿಯನ್ ಕಟ್ಟಿದಳು. ಹದಿನಾಲ್ಕು ಲಾಂಡ್ರಿಗಳಲ್ಲಿ ಕೆಲಸ ನಿಂತಿತು. ವಾರ ತುಂಬುವುದರೊಳಗೆ ಮಾಲೀಕರು ಬಗ್ಗಿದರು, ಕೂಲಿ ಶೇಕಡಾ 25ರಷ್ಟು ಏರಿತು. 1866ರಲ್ಲಿ ಅದೇ ಊರಿನ ಕಬ್ಬಿಣ ಎರಕದ ಗಂಡಸರು ಮುಷ್ಕರ ಹೂಡಿದಾಗ ಈ ಹೆಣ್ಣುಮಕ್ಕಳು ಅವರಿಗೆ 1,000 ಡಾಲರ್ ಕೊಟ್ಟರು. 1868ರಲ್ಲಿ ಕೇಟ್ ರಾಷ್ಟ್ರೀಯ ಕಾರ್ಮಿಕ ಒಕ್ಕೂಟದ ಸಹಾಯಕ ಕಾರ್ಯದರ್ಶಿಯಾದಳು. ಆದರೆ 1869ರ ಮುಷ್ಕರದಲ್ಲಿ ಮಾಲೀಕರು ಗಟ್ಟಿಯಾಗಿ ನಿಂತರು, ಮಾರುಕಟ್ಟೆಯಲ್ಲಿ ಆಗಲೇ ಕಾಗದದ ಕಾಲರ್ ಬಂದಿತ್ತು, ಯೂನಿಯನ್ ಮರುವರ್ಷ ಮುಚ್ಚಿತು. ಟ್ರಾಯ್‌ನಲ್ಲಿ ಆಕೆಯ ಮನೆ 1998ರಿಂದ ರಾಷ್ಟ್ರೀಯ ಸ್ಮಾರಕ. ಒಬ್ಬ ಹೆಂಗಸಿನ ಒಗೆತದ ಕಷ್ಟ ತಪ್ಪಿಸಲು ಹುಟ್ಟಿದ ವಸ್ತು ನೂರಾರು ಹೆಂಗಸರ ಮೈಮೇಲೆ ಅದೇ ಕಷ್ಟವನ್ನು ಹೇರಿತ್ತು.

ಕಾಗದದ ಕಾಲರ್ ಎಂದೆನಲ್ಲ, ಅದು ತಮಾಷೆಯಲ್ಲ. 1854ರಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ವಾಲ್ಟರ್ ಹಂಟ್, ಸೇಫ್ಟಿ ಪಿನ್ ಕೊಟ್ಟ ಅದೇ ಮಹಾಶಯ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಅದು ಜೋರಾಗಿ ಮಾರಾಟವಾಯಿತು. ಕೊಳೆಯಾದರೆ ಬಿಸಾಡಿದರಾಯಿತು, ಒಗೆಯುವ ಮಾತೇ ಇಲ್ಲ. ಮುಂದೆ ಕಾಗದಕ್ಕೆ ತೆಳು ಬಟ್ಟೆ ಅಂಟಿಸಿ, ಒಂದು ಬದಿ ಕೊಳೆಯಾದ ಮೇಲೆ ಮಗುಚಿ ಹಾಕುವ ಕಾಲರ್‌ಗಳೂ ಬಂದವು. ಅವುಗಳ ಮಾದರಿಗಳಿಗೆ ಡಾಂಟೆ, ರಾಫೆಲ್, ಟಾಸೊ ಎಂದೆಲ್ಲ ಮಹಾಕವಿ, ಮಹಾಚಿತ್ರಕಾರರ ಹೆಸರು. ಕಾಸಿಗೊಂದು ಕಾಗದದ ಪಟ್ಟಿಗೆ ಅಷ್ಟು ದೊಡ್ಡ ನಾಮಕರಣ.

ಈಗ ನಿಮ್ಮ ಹೊಳೆಯುವ ಜೋಡಿಯ ಸಂಗತಿ. ಅವು ಬಹುತೇಕ ಸೆಲ್ಯುಲಾಯ್ಡ್. ಟ್ರಾಯ್‌ನ ನೆರೆಯ ಆಲ್ಬನಿಯಲ್ಲಿ ಜಾನ್ ವೆಸ್ಲಿ ಹಯಾಟ್ ಮತ್ತು ಅವನ ಸಹೋದರ 1870ರಲ್ಲಿ ಪೇಟೆಂಟ್ ಪಡೆದ ಆ ವಸ್ತು ನೈಟ್ರೇಟ್ ಮಾಡಿದ ಹತ್ತಿಗೆ ಕರ್ಪೂರ ಬೆರೆಸಿ ಮಾಡಿದ್ದು. ಆ ದಶಕದ ಕೊನೆಯ ಹೊತ್ತಿಗೆ ಅದರಿಂದ ಕಾಲರ್, ಕಫ್ ಮಾಡತೊಡಗಿದರು. ಎರಡು ಹಾಳೆಗಳ ನಡುವೆ ಬಟ್ಟೆ ಇಟ್ಟು ಒತ್ತಿ, ಮೇಲೆ ನೇಯ್ಗೆಯ ಅಚ್ಚು ಮೂಡಿಸಿದರೆ ದೂರಕ್ಕೆ ಥೇಟು ಲಿನನ್. ಗಂಜಿ ಬೇಡ, ಇಸ್ತ್ರಿ ಬೇಡ, ರಾತ್ರಿ ಒದ್ದೆ ಬಟ್ಟೆಯಿಂದ ಒರೆಸಿದರೆ ಬೆಳಿಗ್ಗೆಗೆ ಸಿದ್ಧ. ಬೆವರಿಗೂ ಮಳೆಗೂ ಹೆದರುವುದಿಲ್ಲ. ಹೆದರುವುದು ಬೆಂಕಿಗೆ ಮಾತ್ರ, ಯಾಕೆಂದರೆ ನೈಟ್ರೇಟ್ ಮಾಡಿದ ಹತ್ತಿ ಮದ್ದುಗುಂಡಿನ ನಂಟಸ್ತಿಕೆಯ ವಸ್ತು. ಕಿಡಿ ತಾಗಿದರೆ ಭಗ್ಗನೆ ಹತ್ತುತ್ತದೆ. ಹಬೆ ಇಸ್ತ್ರಿಯೂ ಬೇಡ. ಪರೀಕ್ಷಿಸಬೇಕೆಂದರೆ ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ. ಸಣ್ಣಗೆ ಕರ್ಪೂರದ ವಾಸನೆ ಬಂದರೆ ಅದೇ. ಕಡ್ಡಿ ಗೀರಿ ನೋಡುವ ಹಳೆಯ ಪರೀಕ್ಷೆಯನ್ನು ಯಾರಾದರೂ ಹೇಳಿದರೆ ಕೇಳಬೇಡಿ.

ಇನ್ನೊಂದು ಅಪಾಯ ನಿಧಾನದ್ದು. ಹಳೆಯ ಸೆಲ್ಯುಲಾಯ್ಡ್ ಕೊಳೆಯುತ್ತ ಹೋದಂತೆ ಆಮ್ಲದ ಹೊಗೆ ಬಿಡುತ್ತದೆ. ಅದು ಪಕ್ಕದ ಲೋಹವನ್ನೂ ಬಟ್ಟೆಯನ್ನೂ ತಿನ್ನುತ್ತದೆ. ನಿಮ್ಮ ಹಿತ್ತಾಳೆ ಗುಂಡಿಗಳ ಮೇಲೆ ಹಸಿರು ಕಿಲುಬು ಹತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಆ ಎರಡನ್ನು ಇವತ್ತೇ ಬೇರೆ ಮಾಡಿ, ಕಾಗದದಲ್ಲಿ ಸಡಿಲವಾಗಿ ಸುತ್ತಿ, ತಂಪಾದ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿದರೆ ಆ ಆಮ್ಲ ಒಳಗೇ ಉಳಿದು ಇನ್ನೂ ಬೇಗ ಹಾಳಾಗುತ್ತದೆ. ಮೇಲ್ಮೈ ಬಿರುಕು ಬಿಟ್ಟು ಅಂಟಂಟಾಗಿದ್ದರೆ ಇಟ್ಟುಕೊಳ್ಳುವ ಆಸೆ ಬಿಡುವುದೇ ಲೇಸು.

ಬಟ್ಟೆಯ ಕಾಲರ್‌ಗಳ ವಿಷಯಕ್ಕೆ ಬರುವ ಮೊದಲು ಒಬ್ಬ ವಕೀಲರನ್ನು ನೆನೆಯಬೇಕು. ಈ ವಿಷಯದಲ್ಲಿ ನಮ್ಮ ದೇಶದ ಅತಿ ಪ್ರಸಿದ್ಧ ಪ್ರಯೋಗ ಅವರದ್ದೇ. ದಕ್ಷಿಣ ಆಫ್ರಿಕಾದಲ್ಲಿ ವಕೀಲಿ ಮಾಡುತ್ತಿದ್ದಾಗ ಮೋಹನದಾಸ ಗಾಂಧಿಯವರಿಗೆ ದೋಬಿಯ ಖರ್ಚು ವಿಪರೀತ ಬರುತ್ತಿತ್ತು. ದೋಬಿ ಹೊತ್ತಿಗೆ ಸರಿಯಾಗಿ ತರುವವನೂ ಅಲ್ಲ. ಕಾಲರ್ ದಿನಾ ಬದಲಿಸಬೇಕು, ಅಂಗಿ ದಿನ ಬಿಟ್ಟು ದಿನ. ಎರಡು ಮೂರು ಡಜನ್ ಇಟ್ಟುಕೊಂಡರೂ ಸಾಲದು. ಒಗೆಯುವ ಪುಸ್ತಕ ತಂದು ಓದಿ, ಸಾಮಾನು ಕೊಂಡು, ತಾವೂ ಕಲಿತು ಕಸ್ತೂರಬಾ ಅವರಿಗೂ ಕಲಿಸಿದರು. ಮೊದಲ ಸಲ ತಾವೇ ಒಗೆದ ಕಾಲರ್ ಹಾಕಿಕೊಂಡು ಕೋರ್ಟಿಗೆ ಹೋದಾಗ ಅದರಿಂದ ಗಂಜಿ ಉದುರುತ್ತಲೇ ಇತ್ತಂತೆ. ಜೊತೆಯ ಬ್ಯಾರಿಸ್ಟರುಗಳು ನಕ್ಕರು. ಗಂಜಿ ಹೆಚ್ಚಾಗಿತ್ತು, ಇಸ್ತ್ರಿ ಸಾಕಷ್ಟು ಕಾದಿರಲಿಲ್ಲ, ಸುಟ್ಟೀತೆಂಬ ಹೆದರಿಕೆಗೆ ಒತ್ತಿರಲೂ ಇಲ್ಲ ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಾಲರ್ ಒಗೆಯುವ ಕೂಲಿ ಹೆಚ್ಚುಕಡಿಮೆ ಕಾಲರ್ ಬೆಲೆಯಷ್ಟೇ ಆಗುತ್ತದೆ ಎಂದು ಗೆಳೆಯರಿಗೆ ಲೆಕ್ಕವನ್ನೂ ಒಪ್ಪಿಸಿದ್ದರು. ಕೈ ಪಳಗಿದ ಮೇಲೆ, 1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಾಕ್ಕೆ ಬಂದಾಗ, ರಾನಡೆಯವರು ಅವರಿಗೆ ಕೊಟ್ಟಿದ್ದ ಉತ್ತರೀಯವನ್ನು ಇಸ್ತ್ರಿ ಮಾಡಿಕೊಟ್ಟು ಶಹಭಾಸ್ ಅನ್ನಿಸಿಕೊಂಡರು.

ಆ ಮೊದಲ ಕಾಲರ್ ಯಾಕೆ ಕೆಟ್ಟಿತು ಎಂಬುದು ತಿಳಿದರೆ ನಿಮ್ಮದು ಕೆಡುವುದಿಲ್ಲ. ಮನೆಯಲ್ಲಿ ಸೀರೆ, ಪಂಚೆಗೆ ಹಾಕುವುದು ಬೇಯಿಸಿದ ಗಂಜಿ. ಅದು ಎಳೆಗಳ ಮೇಲೆ ತೆಳುವಾಗಿ ಹರಡಿ ಒಣಗುತ್ತದೆ, ಬಟ್ಟೆಗೆ ಗರಿಗರಿ ಬರುತ್ತದೆ, ಅಷ್ಟೇ. ರಟ್ಟಿನ ಬಿಗಿ ಬರಬೇಕಾದರೆ ಹಸಿ ಗಂಜಿ ಬೇಕು. ತಣ್ಣೀರಿನಲ್ಲಿ ಕದಡಿದ ಪಿಷ್ಟದ ಸಣ್ಣ ಕಣಗಳು ಹಾಗೇ ನೇಯ್ಗೆಯ ಸಂದುಗಳಿಗೆ ಇಳಿಯುತ್ತವೆ. ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿ ಒತ್ತಿದಾಗ ಆ ಕಣಗಳು ಬಟ್ಟೆಯೊಳಗೇ ಬೆಂದು, ಉಬ್ಬಿ, ಎಳೆಯಿಂದ ಎಳೆಗೆ ಅಂಟಿಕೊಂಡು ಗಟ್ಟಿಯಾಗುತ್ತವೆ. ಪಿಷ್ಟ ಬೇಯಲು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಜೊತೆಗೆ ತೇವವೂ ಬೇಕು. ಇಸ್ತ್ರಿ ತಣ್ಣಗಿದ್ದರೆ ಅಥವಾ ಬಟ್ಟೆ ಮೊದಲೇ ಒಣಗಿದ್ದರೆ ಹಿಟ್ಟು ಹಿಟ್ಟಾಗಿಯೇ ಉಳಿದು ಕೊರಳಿಂದ ಉದುರುತ್ತದೆ.

ನಿಮ್ಮ ಕಾಲರ್‌ಗಳನ್ನು ಒಣಗಿದ ಸ್ಥಿತಿಯಲ್ಲಿ ಬಗ್ಗಿಸಬೇಡಿ, ಮಡಿಕೆಯಲ್ಲಿ ಹಳೆಯ ಎಳೆಗಳು ಮುರಿಯುತ್ತವೆ. ಅಗಲ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರಿಗೆ ಹಾಕಿ ಬಿಡಿ, ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿದಾಗ ಬದಲಿಸಿ. ಮುತ್ತಜ್ಜನ ಕಾಲದ ಗಂಜಿ ಅದು, ಪೂರ್ತಿ ಬಿಡಲು ಒಂದು ಇಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ. ಮೆತ್ತಗಾದ ಮೇಲೆ ಸೌಮ್ಯ ಸೋಪಿನಲ್ಲಿ ಅಂಗೈಯಿಂದ ಒತ್ತಿ ಒಗೆಯಿರಿ, ಹಿಂಡಬೇಡಿ. ಹಳದಿ ಬಿಡದಿದ್ದರೆ ಅಂಗಡಿಯಲ್ಲಿ ಸಿಗುವ ಆಕ್ಸಿಜನ್ ಬ್ಲೀಚ್ ಪುಡಿಯನ್ನು ಬಿಸಿನೀರಿಗೆ ಹಾಕಿ ನೆನೆಸಿ. ಕ್ಲೋರಿನ್ ಬ್ಲೀಚ್ ಬೇಡ, ಬೆಳ್ಳಗೇನೋ ಆಗುತ್ತದೆ, ಆದರೆ ಹಳೆಯ ಲಿನನ್ ಆಮೇಲೆ ಹಪ್ಪಳದಂತೆ ಮುರಿಯುತ್ತದೆ.

ಗಂಜಿಗೆ ಅಕ್ಕಿಯ ಪಿಷ್ಟವೇ ಶ್ರೇಷ್ಠ, ಅದರ ಕಣ ಬಹಳ ಸಣ್ಣದು. ಸಿಗದಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರ್ ಸಾಕು. ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ ಹಾಕಿ, ಒಂದು ಚಿಟಿಕೆ ಬಿಳಿಗಾರವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಬಿಳಿಗಾರದಿಂದ ಬಿಗಿಯೂ ಹೊಳಪೂ ಬರುತ್ತವೆ. ಹಿಟ್ಟು ತಳಕ್ಕೆ ಕೂರುತ್ತಲೇ ಇರುತ್ತದೆ, ಪ್ರತಿ ಸಲ ಕದಡಿ ಅದ್ದಿ. ಒದ್ದೆ ಕಾಲರನ್ನು ಅಂಗೈಗಳ ನಡುವೆ ತಿಕ್ಕಿ ಗಂಜಿ ಒಳಗಿನ ಪದರಕ್ಕೆ ಇಳಿಯುವಂತೆ ಮಾಡಿ, ಒಳ್ಳೆಯ ಕಾಲರ್‌ಗೆ ನಾಲ್ಕು ಪದರ ಇರುತ್ತದೆ. ಆಮೇಲೆ ಮೇಲ್ಮೈಯನ್ನು ಶುಭ್ರ ಬಟ್ಟೆಯಿಂದ ಒರೆಸಲೇಬೇಕು. ಇಲ್ಲದಿದ್ದರೆ ಮೇಲಿನ ಹಿಟ್ಟು ಇಸ್ತ್ರಿಗೆ ಹತ್ತಿ ಕಂದು ಕಲೆ ಬೀಳುತ್ತದೆ. ಟವೆಲಿನಲ್ಲಿ ಸುತ್ತಿ ಗಂಟೆ ಹೊತ್ತು ಬಿಟ್ಟು, ಇನ್ನೂ ತೇವವಿರುವಾಗಲೇ ಲಿನನ್ ಶಾಖದಲ್ಲಿ ಇಸ್ತ್ರಿ ಮಾಡಿ. ಮೊದಲು ಎರಡೂ ಬದಿ ಹಗುರವಾಗಿ, ಆಮೇಲೆ ಭಾರ ಬಿಟ್ಟು ಒತ್ತಿ, ಹಬೆ ಏಳುವುದು ಪೂರ್ತಿ ನಿಲ್ಲುವ ತನಕ. ಮಡಿಚುವ ಕಾಲರ್ ಆದರೆ ಮಡಿಕೆಯ ಗೆರೆಯ ಮೇಲೆ ಒದ್ದೆ ಬೆರಳು ಎಳೆದು ಆಮೇಲೆ ಮಡಿಚಿ. ಬಿಸಿ ಆರುವ ಮೊದಲೇ ದುಂಡಗೆ ಬಾಗಿಸಿ ಡಬ್ಬಿಯೊಳಗೆ ನಿಲ್ಲಿಸಿ. ಆ ಚರ್ಮದ ಡಬ್ಬಿ ದುಂಡಗಿರುವುದು ಅದಕ್ಕೇ.

ತೂತಿಲ್ಲದ ಗುಂಡಿಗಳೇ ಸ್ಟಡ್. ಸರಿಯಾಗಿ ನೋಡಿದರೆ ಎರಡು ಬಗೆ ಕಾಣುತ್ತವೆ, ಕತ್ತು ಗಿಡ್ಡ ಇರುವುದು ಒಂದು, ಉದ್ದ ಇರುವುದು ಒಂದು. ಗಿಡ್ಡದ್ದು ಬೆನ್ನ ಕಡೆಗೆ, ಅಲ್ಲಿ ಅಂಗಿಯ ಪಟ್ಟಿ ಮತ್ತು ಕಾಲರ್ ಎರಡನ್ನಷ್ಟೇ ಹಿಡಿಯಬೇಕು. ಉದ್ದದ್ದು ಗಂಟಲ ಕಡೆಗೆ, ಅಲ್ಲಿ ಅಂಗಿಯ ಎರಡು ತುದಿ, ಕಾಲರಿನ ಎರಡು ತುದಿ, ಒಟ್ಟು ನಾಲ್ಕು ದಪ್ಪ ದಾಟಬೇಕು. ಅಂಗಿ ತೊಡುವ ಮೊದಲೇ ಹಿಂದಿನ ಸ್ಟಡ್‌ನಿಂದ ಕಾಲರ್ ಸಿಕ್ಕಿಸಿ. ಟೈ ಕಟ್ಟುವುದಿದ್ದರೆ ಈಗಲೇ ಮಡಿಕೆಯೊಳಗೆ ಕೂರಿಸಿ, ಗಂಜಿ ಹಾಕಿದ ಕಾಲರಿನೊಳಗೆ ಟೈಯನ್ನು ಆಮೇಲೆ ತೂರಿಸುವುದೆಂದರೆ ಗಾದಿಗೆ ಕವರು ಹಾಕುವ ಒದ್ದಾಟ. ಅಂಗಿ ತೊಟ್ಟು, ಮುಂದಿನ ಸ್ಟಡ್‌ನಿಂದ ಅಂಗಿಯ ಪಟ್ಟಿ ಮುಚ್ಚಿ, ಕೊನೆಗೆ ಕಾಲರಿನ ತುದಿಗಳನ್ನು ಒಂದರ ಮೇಲೊಂದು ಅದಕ್ಕೇ ಸಿಕ್ಕಿಸಿ. ಮೊದಲ ದಿನ ಬೆರಳು ನೋಯುತ್ತದೆ. ನಿಂತ ಕಾಲರಿಗೆ ಜರ್ಮನರು ಅಪ್ಪನನ್ನು ಕೊಲ್ಲುವವನು ಎಂಬರ್ಥದ ಹೆಸರಿಟ್ಟಿದ್ದರು, ಹಾಕಿಕೊಂಡ ಮೇಲೆ ಯಾಕೆಂದು ತಿಳಿಯುತ್ತದೆ.

ಕೋರ್ಟಿಗೆ ಹಾಕಬಹುದೇ? ಧಾರಾಳವಾಗಿ. ಬಾರ್ ಕೌನ್ಸಿಲ್ ನಿಯಮದಲ್ಲೇ ಕಪ್ಪು ತೆರೆದ ಕೋಟು, ಬಿಳಿ ಅಂಗಿ, ಗಡುಸಾದ ಅಥವಾ ಮೃದುವಾದ ಬಿಳಿ ಕಾಲರ್, ಬಿಳಿ ಬ್ಯಾಂಡ್ ಎಂದಿದೆ. ಆ ‘ಗಡುಸಾದ’ ಎಂಬುದು ನಿಮ್ಮ ಮುತ್ತಜ್ಜನ ಕಾಲರೇ. ಅದೇ ನಿಯಮದ ಇನ್ನೊಂದು ಆಯ್ಕೆಯಲ್ಲಿ ಕೊರಳ ತನಕ ಗುಂಡಿ ಹಾಕುವ ಕೋಟು ಅಥವಾ ಶೇರವಾನಿಯ ಮೇಲೆ ಬರೀ ಬ್ಯಾಂಡ್ ಸಾಕು, ಕಾಲರಿನ ಮಾತೇ ಇಲ್ಲ. ನಮ್ಮ ಕಡೆ ಕಾಲರ್ ಡಬ್ಬಿ ಮನೆಮನೆಗೆ ಬಾರದ್ದಕ್ಕೂ ಅದೇ ಕಾರಣ ಎಂದು ನನ್ನ ಎಣಿಕೆ. ಹಳೆಯ ಗುಂಪು ಫೋಟೋಗಳಲ್ಲಿ ಮೇಷ್ಟ್ರು, ಶಿರಸ್ತೇದಾರರು ಕಚ್ಚೆಪಂಚೆಯ ಮೇಲೆ ಕ್ಲೋಸ್ ಕಾಲರ್ ಕೋಟು, ತಲೆಗೆ ಪೇಟ ಅಥವಾ ಟೋಪಿ ಧರಿಸಿ ಕೂತಿರುತ್ತಾರೆ. ಕೋಟೇ ಕೊರಳು ಮುಚ್ಚಿದ ಮೇಲೆ ಒಳಗೆ ನೆಹರೂ ಶರ್ಟು ಇದ್ದರೂ ಆಯಿತು, ಏನೂ ಇಲ್ಲದಿದ್ದರೂ ಆಯಿತು. ಬ್ಯಾರಿಸ್ಟರುಗಳು, ದೊಡ್ಡ ಸರ್ಕಾರಿ ಅಧಿಕಾರಿಗಳು ಮತ್ತು ಸಾಹೇಬರ ಜೊತೆ ಟೈ ಕಟ್ಟಿ ಕೂರಬೇಕಾದವರಿಗೆ ಮಾತ್ರ ಆ ಡಬ್ಬಿಯ ಗರಜು. ಇಂಗ್ಲೆಂಡಿನ ಕ್ರಿಮಿನಲ್ ಕೋರ್ಟುಗಳಲ್ಲಿ ರೆಕ್ಕೆ ಕಾಲರ್ (ನಿಂತ ಕಾಲರಿನ ಮುಂದಿನ ತುದಿಗಳು ರೆಕ್ಕೆಯಂತೆ ಹೊರಕ್ಕೆ ಬಾಗಿದ್ದು) ಮತ್ತು ಬ್ಯಾಂಡ್ ಈಗಲೂ ನಡೆಯುತ್ತಿದೆ, ಸಿವಿಲ್ ಕಡೆಯ ನ್ಯಾಯಾಧೀಶರು 2008ರಲ್ಲಿ ಬಿಟ್ಟರು.

ಇದು ಮಾಯವಾದದ್ದು ಯಾಕೆ ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಮೆತ್ತನೆಯ ಕಾಲರ್ ಹೊಲಿದ ಅಂಗಿಗೆ ಒಗ್ಗಿಕೊಂಡರು, ಊರಿಗೆ ಬಂದ ಮೇಲೆ ಗಂಜಿಯ ಬೇಲಿಗೆ ಕೊರಳು ಕೊಡಲು ಒಪ್ಪಲಿಲ್ಲ ಎಂಬುದು ಎಲ್ಲರೂ ಹೇಳುವ ಕಾರಣ. ಬಟ್ಟೆಯವನಾದ ನನಗೆ ಇನ್ನೊಂದು ಕಾರಣ ದೊಡ್ಡದಾಗಿ ಕಾಣುತ್ತದೆ. ಹತ್ತಿ ಬಟ್ಟೆ ಒಗೆದಂತೆ ಕುಗ್ಗುತ್ತದೆ. ಎದೆಯ ಹತ್ತಿರ ಅರ್ಧ ಇಂಚು ಕುಗ್ಗಿದರೆ ಗೊತ್ತಾಗುವುದಿಲ್ಲ, ಕೊರಳಲ್ಲಿ ಕುಗ್ಗಿದರೆ ಉಸಿರು ಕಟ್ಟುತ್ತದೆ. ಕಾಲರ್ ಬೇರೆ ಇದ್ದಷ್ಟು ದಿನ ಹೊಸ ಅಳತೆಯದನ್ನು ಕೊಂಡರಾಯಿತು, ಕಾಲರ್‌ಗಳು ಕಾಲು ಇಂಚಿನ ಅಂತರದಲ್ಲಿ ಸಿಗುತ್ತಿದ್ದವು. ಟ್ರಾಯ್‌ನ ಕ್ಲೂಯೆಟ್ ಪೀಬಾಡಿ ಕಂಪನಿ ಆರೋ ಎಂಬ ಹೆಸರಿನಲ್ಲಿ ಒಂದಕ್ಕೆ 15 ಸೆಂಟ್, ಎರಡಕ್ಕೆ 25 ಎಂದು ಮಾರುತ್ತಿತ್ತು. 1905ರಿಂದ 1931ರ ತನಕ ಚಿತ್ರಕಾರ ಲೇಯೆನ್‌ಡೆಕರ್ ಅದರ ಜಾಹೀರಾತಿಗೆ ಬರೆದ ಚೆಲುವನಿಗೆ ಹುಡುಗಿಯರು ರಾಶಿ ರಾಶಿ ಪ್ರೇಮಪತ್ರ ಬರೆದರು. ಆ ಚೆಲುವ ಇರಲೇ ಇಲ್ಲ! ಕೊನೆಗೆ ಅದೇ ಕಂಪನಿಯ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರ ಸುಮಾರಿಗೆ ಬಟ್ಟೆಯನ್ನು ಕಾರ್ಖಾನೆಯಲ್ಲೇ, ದಪ್ಪ ಕಂಬಳಿಯ ಪಟ್ಟಿಯ ಮೇಲೆ ತೇವದಲ್ಲಿ ಒತ್ತಿ, ಕುಗ್ಗುವಷ್ಟೂ ಮುಂಚೆಯೇ ಕುಗ್ಗಿಸುವ ಉಪಾಯ ಕಂಡುಹಿಡಿದ. ನಿಮ್ಮ ಕೆಲವು ಬಟ್ಟೆಗಳ ಅಂಚಿನಲ್ಲಿ ಸ್ಯಾನ್‌ಫರೈಸ್ಡ್ ಎಂಬ ಮುದ್ರೆ ನೋಡಿರುತ್ತೀರಿ, ಅದು ಅವನ ಹೆಸರು. ಒಗೆದರೂ ಕೊರಳು ಬಿಗಿಯದ ಅಂಗಿ ಬಂದ ಮೇಲೆ ಬಿಚ್ಚುವ ಕಾಲರ್ ಯಾರಿಗೆ ಬೇಕು? 1921ರಲ್ಲಿ ಮಾರುಕಟ್ಟೆಗೆ ಬಂದ ವಾನ್ ಹ್ಯೂಸೆನ್ ಕೂಡ ಮೊದಲು ಅಂಗಿಯ ಹೆಸರಲ್ಲ, ಬಾಗಿಸಿಯೇ ನೇಯ್ದ ಮೆತ್ತನೆಯ ಕಾಲರಿನ ಹೆಸರು. 1990ರ ದಶಕದಲ್ಲಿ ಆರೋ, ವಾನ್ ಹ್ಯೂಸೆನ್ ಎರಡೂ ಹೆಸರುಗಳು ಅಂಗಿಯ ಬ್ರ್ಯಾಂಡ್ ಆಗಿ ಭಾರತಕ್ಕೆ ಬಂದವು, ಇಲ್ಲಿ ನಡೆಸುವ ಕಂಪನಿಗಳು ಇರುವುದು ಬೆಂಗಳೂರಿನಲ್ಲಿ.

ಕೊಳೆಯ ಸಮಸ್ಯೆ ಮಾತ್ರ ಹಾಗೇ ಇದೆ. ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿದುಕೊಡುವ ದರ್ಜಿಗಳು ಒಂದು ತಲೆಮಾರಿನ ಹಿಂದೆ ಪ್ರತಿ ಪೇಟೆಯಲ್ಲಿದ್ದರು, ಈಗಲೂ ಹುಡುಕಿದರೆ ಸಿಗುತ್ತಾರೆ. ಬಿರು ಬೇಸಿಗೆಯಲ್ಲಿ ಬಸ್ ಕಂಡಕ್ಟರರು ಕುತ್ತಿಗೆ ಮತ್ತು ಕಾಲರಿನ ನಡುವೆ ಕರ್ಚೀಫು ಮಡಿಚಿ ಇಟ್ಟುಕೊಳ್ಳುತ್ತಾರಲ್ಲ, ಅದು ಹ್ಯಾನಾಳ ಉಪಾಯದ ನಮ್ಮ ಆವೃತ್ತಿ, ಖರ್ಚೂ ಇಲ್ಲ. ಜಪಾನಿನಲ್ಲಿ ಕಿಮೋನೊದ ಒಳಉಡುಪಿಗೆ ಬದಲಿಸಬಹುದಾದ ಕೊರಳಪಟ್ಟಿಯನ್ನು ಇಂದಿಗೂ ಹೊಲಿದುಕೊಳ್ಳುತ್ತಾರೆ. ಪಾದ್ರಿಗಳ ಅಂಗಿಯ ಕೊರಳಲ್ಲಿ ಕಾಣುವ ಬಿಳಿ ತುಂಡು ಅನೇಕ ಸಲ ತೆಗೆದು ತೊಳೆಯುವ ಪ್ಲಾಸ್ಟಿಕ್ ಪಟ್ಟಿ.

ನಿಮಗೆ ಬೇಕಾದ ಅಂಗಿ ಅಂಗಡಿಯಲ್ಲಿ ಸಿಗುವುದಿಲ್ಲ, ಹೊಲಿಸಬೇಕು. ಚೈನೀಸ್ ಕಾಲರ್ ಅಂಗಿ ನಡೆಯುವುದಿಲ್ಲ, ಅದರ ಪಟ್ಟಿ ಎತ್ತರ, ಒಳಗೆ ಬಕ್ರಂ ಎಂಬ ಗಡುಸು ಬಟ್ಟೆ ಬೇರೆ. ಕೊರಳಿಗೆ ಇಂಚಿನಷ್ಟು ಮೆತ್ತನೆಯ ಪಟ್ಟಿ, ಮುಂದೆ ಗುಂಡಿಯ ಬದಲು ಎರಡೂ ತುದಿಗೆ ಕಾಜಾ, ಬೆನ್ನ ನಡುವೆ ಇನ್ನೊಂದು ಕಾಜಾ ಎಂದು ದರ್ಜಿಗೆ ಹೇಳಿ. ಕಾಲರಿನ ಒಳಮೈಯಲ್ಲಿ ಅಳತೆ ಅಚ್ಚಾಗಿರುತ್ತದೆ, ಅಂಗಿಯ ಪಟ್ಟಿ ಅದಕ್ಕಿಂತ ಕಾಲಿನಿಂದ ಅರ್ಧ ಇಂಚು ಕಡಿಮೆ ಇರಬೇಕು, ಕಾಲರ್ ಹೊರಸುತ್ತಿನಲ್ಲಿ ಕೂರುವುದರಿಂದ. ಮಳೆಗಾಲದಲ್ಲಿ ಗಂಜಿ ಗಾಳಿಯ ತೇವ ಹೀರಿ ಮಧ್ಯಾಹ್ನದ ಹೊತ್ತಿಗೆ ಸೋತು ಬೀಳುತ್ತದೆ, ಅಂಥ ದಿನ ಬ್ಯಾಗಿನಲ್ಲಿ ಇನ್ನೊಂದಿರಲಿ. ಮುತ್ತಜ್ಜನ ಅಳತೆ ಹದಿನಾಲ್ಕೂವರೆ, ನಿಮ್ಮದು ಹದಿನಾರು ಎಂದಾದರೆ ಗಡುಸು ಕಾಲರನ್ನು ಯಾವ ದರ್ಜಿಯೂ ಹಿಗ್ಗಿಸಲಾರ. ಆಗ ಒಂದನ್ನು ನೆನೆಸಿ ಮೆತ್ತಗೆ ಮಾಡಿ, ಕಾಗದದ ಮೇಲೆ ಅದರ ಆಕಾರ ಬರೆದುಕೊಂಡು, ನಡುವೆ ಒಂದೂವರೆ ಇಂಚು ಸೇರಿಸಿ ಹೊಸದು ಕತ್ತರಿಸಲು ಕೊಡಿ. ಸ್ಟಡ್‌ಗಳಿಗೆ ಅಳತೆಯ ಹಂಗಿಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹಾಗೇ ಬಳಸಬಹುದು.